ಕ್ಯಾಮೆರಾ ಪರೀಕ್ಷೆಗೆ ನಕಲಿ ಅಂಗಾಂಶ

ಫೋನಿನ ಕ್ಯಾಮೆರಾ ಮುಖವನ್ನು ತುಸು ಬೆಳಗಿಸಿ, ಆಕಾಶವನ್ನು ಇನ್ನಷ್ಟು ನೀಲಿ ಮಾಡಿ ಕೊಟ್ಟರೆ ಯಾರೂ ದೂರುವುದಿಲ್ಲ. ಕರುಳಿನೊಳಗೆ ಇಳಿಸುವ ಎಂಡೋಸ್ಕೋಪ್ ಹಾಗೆ ಮಾಡುವಂತಿಲ್ಲ. ಅಲ್ಲಿ ಕೆಂಪು ಜಾಸ್ತಿ ಕಂಡರೆ ವೈದ್ಯರಿಗೆ ಉರಿಯೂತದ ಅನುಮಾನ ಬರುತ್ತದೆ. ಗಾತ್ರವೂ ಮುಖ್ಯ. ದೊಡ್ಡ ಕರುಳಿನ ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆಯುವ ಗಂಟು, 10 ಮಿಲಿಮೀಟರ್ ಮುಟ್ಟಿದರೆ ಕ್ಯಾನ್ಸರ್ ಅಪಾಯದ ಲೆಕ್ಕವೇ ಬೇರೆ. ಹಾಗಾಗಿ ಗುಣ ಮೊದಲೇ ಗೊತ್ತಿರುವ ವಸ್ತುವನ್ನು ತೋರಿಸಿ ಇಂಥ ಕ್ಯಾಮೆರಾವನ್ನು ಸರಿಹೊಂದಿಸಬೇಕು. ಇದೇ ಕ್ಯಾಲಿಬ್ರೇಶನ್.

ಸುಲಭದ ಭಾಗ ಬೇಗ ಹೇಳಿಬಿಡುತ್ತೇನೆ. ಪೂರ್ತಿ ಕತ್ತಲಲ್ಲೂ ಸೆನ್ಸರ್ ಒಂದಿಷ್ಟು ಸಂಕೇತ ಕೊಡುತ್ತದೆ. ಬೆಳಕು ಮುಚ್ಚಿ ಚಿತ್ರ ತೆಗೆದು ಅಷ್ಟನ್ನು ಕಳೆಯುತ್ತಾರೆ. ಚಿತ್ರದ ಅಂಚಿನಲ್ಲಿ ಬೆಳಕು ಕಡಿಮೆ. ಅದನ್ನು ಸರಿದೂಗಿಸಲು, ಬಿದ್ದ ಬೆಳಕಿನಲ್ಲಿ ಸುಮಾರು 99% ವಾಪಸ್ ಕಳಿಸುವ ಬಿಳಿ ಫಲಕವಿದೆ. ಅಗಲ ನೋಟದ ಲೆನ್ಸ್ ನೇರ ಗೆರೆಯನ್ನು ಬಾಗಿಸುತ್ತದೆ. ಅದಕ್ಕೆ ಕಪ್ಪು ಬಿಳಿ ಚೌಕಗಳ ಹಲಗೆ.

ಆದರೆ ಮೈ ಹಲಗೆಯಲ್ಲ. ಬೆಳಕು ಚರ್ಮದೊಳಕ್ಕೆ ನುಗ್ಗುತ್ತದೆ, ಚದುರುತ್ತದೆ, ಒಂದಿಷ್ಟು ಅಲ್ಲೇ ಹೀರಿಹೋಗುತ್ತದೆ, ಉಳಿದದ್ದು ಇನ್ನೆಲ್ಲೋ ಹೊರಬರುತ್ತದೆ. ಅಂಗಾಂಶದ ಆಮ್ಲಜನಕವನ್ನು ಚಿತ್ರದಲ್ಲೇ ತೋರಿಸುವ ಕ್ಯಾಮೆರಾಗಳಿಗೆ ಇದೇ ದೊಡ್ಡ ತಲೆನೋವು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 660 ನ್ಯಾನೋಮೀಟರ್ ಸುತ್ತಲಿನ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಹೊರದೆ ಇರುವುದು ಜಾಸ್ತಿ ಹೀರುತ್ತದೆ. 940ರ ಹತ್ತಿರ ಇದು ತಿರುಗುಮುರುಗು. ಈ ವ್ಯತ್ಯಾಸದಿಂದಲೇ ಆಮ್ಲಜನಕದ ಲೆಕ್ಕ. ಈಗ ಬೆಳಕು ವಾಪಸ್ ಬರಲಿಲ್ಲ ಅನ್ನಿ. ರಕ್ತ ಹೀರಿತೋ, ಸುಮ್ನೆ ಪಕ್ಕಕ್ಕೆ ಚದುರಿತೋ? ಕ್ಯಾಮೆರಾಗೆ ಎರಡೂ ಒಂದೇ ಥರ ಕಾಣುತ್ತವೆ.

ಇದನ್ನು ಬಿಡಿಸಲು ಬಳಸುವ ನಕಲಿ ಅಂಗಾಂಶಕ್ಕೆ ಫ್ಯಾಂಟಮ್ ಅನ್ನುತ್ತಾರೆ. ಸಿಲಿಕೋನಿಗೆ ಟೈಟಾನಿಯಂ ಡೈಆಕ್ಸೈಡ್ ಬೆರೆಸುತ್ತಾರೆ. ಬಿಳಿ ಪೇಂಟಿನಲ್ಲಿರುವ ಪುಡಿಯೇ ಅದು. ಬೆಳಕನ್ನು ಚದುರಿಸುವ ಕೆಲಸ ಅದರದು, ಹೀರಲು ಕಪ್ಪು ಶಾಯಿ. ಎರಡನ್ನೂ ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡಬಹುದಾದ್ದರಿಂದ ಕ್ಯಾಮೆರಾ ಯಾವುದನ್ನು ಯಾವುದೆಂದು ತಿಳಿಯುತ್ತಿದೆ ಅನ್ನುವುದು ಬಯಲಾಗುತ್ತದೆ. ದ್ರವದ ಫ್ಯಾಂಟಮ್ ಬೇಕಾದರೆ ಇಂಟ್ರಾಲಿಪಿಡ್ ಇದೆ. ಊಟ ಮಾಡಲಾಗದ ರೋಗಿಗಳಿಗೆ ರಕ್ತನಾಳದ ಮೂಲಕ ಕೊಡುವ, ಹಾಲಿನಂತೆ ಕಾಣುವ ಕೊಬ್ಬಿನ ದ್ರವ! ಅದಕ್ಕೆ ರಕ್ತ ಸೇರಿಸಿ, ಆಮ್ಲಜನಕ ಏರಿಸಿ ಇಳಿಸಿ ಪರೀಕ್ಷಿಸುವುದೂ ಉಂಟು.

ಸಿಲಿಕೋನಿನ ತುಂಡು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಅದರ ಗುಣವೂ ಅದೇ, ದೋಷವೂ ಅದೇ. ಅದರಲ್ಲಿ ರಕ್ತ ಹರಿಯುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ, ಬೆಳಕು ಹೀರುವ ಮೆಲನಿನ್ ಇರುವ ಪದರವನ್ನು ಬೇಕೆಂದೇ ಸೇರಿಸದಿದ್ದರೆ ಅದೂ ಇಲ್ಲ. ಇದು ಸಣ್ಣ ವಿಷಯವಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಚಿತ್ರ ತೆಗೆಯುವುದಿಲ್ಲ, ಆದರೆ ನಂಬಿರುವುದು ಇದೇ ಬೆಳಕನ್ನು. ಅದರ ಕ್ಯಾಲಿಬ್ರೇಶನ್ ನಡೆಯುವುದು ಕಡಿಮೆ ಆಮ್ಲಜನಕದ ಗಾಳಿ ಉಸಿರಾಡುವ ಆರೋಗ್ಯವಂತ ಸ್ವಯಂಸೇವಕರ ಮೇಲೆ. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಆಕ್ಸಿಮೀಟರ್ 92ರಿಂದ 96% ತೋರಿಸಿದ ಸಂದರ್ಭಗಳನ್ನು ನೋಡಿತು. ಅವುಗಳಲ್ಲಿ ರಕ್ತಪರೀಕ್ಷೆಯ ಆಮ್ಲಜನಕ ಮಟ್ಟ 88%ಕ್ಕಿಂತ ಕೆಳಗಿದ್ದದ್ದು ಕಪ್ಪು ವರ್ಣೀಯರಲ್ಲಿ 11.7%, ಬಿಳಿಯರಲ್ಲಿ 3.6%. ನನ್ನ ಪ್ರಕಾರ ಯಾವುದೇ ಯಂತ್ರದ ನಿಖರತೆ ಕೇಳುವ ಮೊದಲು ಅದನ್ನು ಯಾವುದರ ಮೇಲೆ, ಯಾರ ಮೇಲೆ ಹೊಂದಿಸಿದರು ಅಂತ ಕೇಳಬೇಕು.

ಎಲ್ಲ ಸರಿ ಇದ್ದೂ ಅಂಕಿ ಬೇರೆ ಬರಬಹುದು. ಬೆಳಕಿನಿಂದಲೇ ಕಣ್ಣಿನ ಒಳಪದರಗಳ ಸ್ಕ್ಯಾನ್ ತೆಗೆಯುವ ಓಸಿಟಿ ಯಂತ್ರಗಳು ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪೊರೆಯ, ದಪ್ಪ ಅಳೆಯುತ್ತವೆ. ರೆಟಿನಾದ ತಳ ಯಾವ ಪದರದಲ್ಲಿ ಮುಗಿಯಿತು ಅನ್ನುವುದನ್ನು ಒಂದೊಂದು ಕಂಪನಿ ಒಂದೊಂದು ಕಡೆ ಗುರುತಿಸಿದೆ. ಹಾಗಾಗಿ ಅದೇ ಕಣ್ಣಿಗೆ ಎರಡು ಯಂತ್ರಗಳು ಹತ್ತಾರು ಮೈಕ್ರೋಮೀಟರ್ ಅಂತರದ ಉತ್ತರ ಕೊಡುತ್ತವೆ. ವರ್ಷಗಟ್ಟಲೆ ಚಿಕಿತ್ಸೆ ಪಡೆಯುವವರು ಪ್ರತಿ ಸಲವೂ ಅದೇ ಮಾದರಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿಕೊಳ್ಳುವುದು ಒಳ್ಳೆಯದು.