ಜಲವಿಭಾಜಕ ಬೇರೆ, ಜಲಾನಯನ ಬೇರೆ

‘ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿರುವ ಮ್ಯಾಟರ್‌ಹಾರ್ನ್ ಶಿಖರ ಎರಡೂ ದೇಶಗಳ ನಡುವಿನ ಜಲಾನಯನ ಪ್ರದೇಶ.’ ಪ್ರವಾಸ ಲೇಖನವೊಂದರಲ್ಲಿ ಇಂಥದೇ ವಾಕ್ಯ ಮತ್ತೆ ಕಣ್ಣಿಗೆ ಬಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ಜಲವಿಭಾಜಕ, ಅಂದರೆ ನೀರನ್ನು ಎರಡು ಕಡೆಗೆ ಹಂಚುವ ಗೆರೆ. ಕಾಗದದ ಮೇಲೆ ಬಂದದ್ದು ಅದಕ್ಕೆ ತದ್ವಿರುದ್ಧವಾದ ಪದ.

ಎರಡೂ ಸಂಸ್ಕೃತದವೇ, ಒಳಗಿನ ಧಾತುವನ್ನು ನೋಡಿದರೆ ಗೊಂದಲಕ್ಕೆ ಎಡೆಯೇ ಇಲ್ಲ. ಆನಯನ ಎಂದರೆ ತರುವುದು. ಉಪನಯನದಲ್ಲಿರುವ ‘ನೀ’ ಧಾತುವೇ ಇಲ್ಲಿಯೂ ಇದೆ. ಒಂದು ಹೊಳೆಗೆ ಎಲ್ಲೆಲ್ಲಿಂದ ನೀರು ಬಂದು ಸೇರುತ್ತದೆಯೋ ಅಷ್ಟೂ ನೆಲ ಅದರ ಜಲಾನಯನ. ವಿಭಾಜಕದಲ್ಲಿರುವುದು ‘ಭಜ್’, ಅಂದರೆ ಹಂಚು. ವಿಭಾಗ, ವಿಭಜನೆಗಳು ಅದರ ಒಡಹುಟ್ಟುಗಳು. ಒಂದು ನೆಲ, ಇನ್ನೊಂದು ಬರಿಯ ಗೆರೆ. ಬೈತಲೆಯನ್ನು ನೆನೆಯಿರಿ: ಅದು ವಿಭಾಜಕ, ಅದರ ಎಡಬಲಕ್ಕೆ ಇಳಿದ ಕೂದಲು ಎರಡು ಜಲಾನಯನ. ಬೈತಲೆಯನ್ನು ಯಾರೂ ಜಡೆ ಎನ್ನುವುದಿಲ್ಲ.

ತಪ್ಪಿನ ಬೇರು ಇಂಗ್ಲಿಷಿನ ವಾಟರ್‌ಷೆಡ್‌ನಲ್ಲಿದೆ. ಅಲ್ಲಿನ ‘ಷೆಡ್’ಗೆ ಹಳೆಯ ಅರ್ಥ ಬೇರ್ಪಡಿಸು ಎಂದೇ, ಕೂದಲಿನ ಬೈತಲೆಗೂ ಆ ಪದವಿತ್ತು. ಜರ್ಮನ್ನಿನ ವಾಸರ್‌ಷೈಡೆ ಇಂದಿಗೂ ಗೆರೆಯನ್ನಷ್ಟೇ ಹೇಳುತ್ತದೆ. ಅಮೆರಿಕದ ಬಳಕೆಯಲ್ಲಿ ವಾಟರ್‌ಷೆಡ್ ಗೆರೆಯನ್ನು ಬಿಟ್ಟು ಇಡೀ ನೆಲಕ್ಕೆ ಹರಡಿಕೊಂಡಿತು. ನಮ್ಮ ಜಲಾನಯನ ಅಭಿವೃದ್ಧಿ ಇಲಾಖೆಯ ಹೆಸರು ಆ ಅರ್ಥದ್ದು, ಅಲ್ಲಿ ಅದು ಸರಿಯಾಗಿಯೇ ಇದೆ. ಆಲ್ಪ್ಸ್ ಕುರಿತು ಯುರೋಪಿನವರು ಬರೆದ ವಾಟರ್‌ಷೆಡ್‌ಗೂ ಅದನ್ನೇ ತಂದು ಅಂಟಿಸಿದರೆ 4,478 ಮೀಟರ್ ಎತ್ತರದ ಚೂಪು ಕೋಡು ಒಂದು ಕಣಿವೆಯಾಗಿಬಿಡುತ್ತದೆ.

ಮ್ಯಾಟರ್‌ಹಾರ್ನ್‌ಗೆ ನಾಲ್ಕು ಏಣುಗಳಿವೆ, ಅಂದರೆ ತುದಿಯಿಂದ ಇಳಿಯುವ ಚೂಪು ಅಂಚುಗಳು. ಆಗ್ನೇಯದ ಫುರ್ಗೆನ್ ಮತ್ತು ನೈಋತ್ಯದ ಲಯನ್ ಏಣುಗಳ ಮೇಲೆ ಗಡಿಯೂ ವಿಭಾಜಕವೂ ಒಟ್ಟಿಗೆ ಸಾಗುತ್ತವೆ. ದಕ್ಷಿಣ ಮುಖದ ನೀರು ಮಾರ್ಮೊರೆ, ಡೋರಾ ಬಾಲ್ಟೆಯಾ ಹೊಳೆಗಳಲ್ಲಿ ಇಳಿದು ಪೋ ನದಿಯ ಪಾಲಾಗುತ್ತದೆ, ಮುಂದೆ ಏಡ್ರಿಯಾಟಿಕ್ ಸಮುದ್ರ. ಉಳಿದ ಮೂರು ಮುಖಗಳ ನೀರು ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಊರಿನ ಕಡೆಗೆ ಇಳಿದು ವಿಸ್ಪಾ ಹೊಳೆಯ ಮೂಲಕ ರೋನ್ ನದಿ ಸೇರುತ್ತದೆ. ಚಿತ್ರಗಳಲ್ಲಿ ಎದ್ದು ಕಾಣುವ ಈಶಾನ್ಯದ ಹ್ಯೋರ್ನ್ಲಿ ಏಣು ಗಡಿಯಲ್ಲ. ಅದರ ಎರಡೂ ಬದಿಯ ನೀರು ಕೆಳಗೆ ಒಂದೇ ಹೊಳೆಯಾಗುತ್ತದೆ. ಉತ್ತರ ಮುಖದ್ದೆಂದು ಅದನ್ನು ಉತ್ತರ ಸಮುದ್ರಕ್ಕೆ ಕಳುಹಿಸಲೂ ಬಾರದು. ರೋನ್ ಜಿನೀವಾ ಸರೋವರವನ್ನು ದಾಟಿ, ಫ್ರಾನ್ಸಿನಲ್ಲಿ ದಕ್ಷಿಣಕ್ಕೆ ತಿರುಗಿ ಮೆಡಿಟರೇನಿಯನ್ ಸೇರುವ ನದಿ.

ಗಡಿ ಇದ್ದಲ್ಲೆಲ್ಲ ವಿಭಾಜಕ ಇರುತ್ತದೆ ಎಂದೂ ಅಲ್ಲ. ಲಿವಿನ್ಯೋ ಇಟಲಿಯ ಊರು; ಅಲ್ಲಿನ ನೀರು ಇನ್ ನದಿಯ ಮೂಲಕ ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರ ತಲುಪುತ್ತದೆ.

ಗೆರೆ ಬಂಡೆಯ ಮೇಲಿದ್ದರೆ ನಿಂತಿರುತ್ತದೆ, ಮಂಜುಗಡ್ಡೆಯ ಮೇಲಿದ್ದರೆ ನಿಲ್ಲುವುದಿಲ್ಲ. ಮ್ಯಾಟರ್‌ಹಾರ್ನ್‌ನ ಪೂರ್ವಕ್ಕಿರುವ ಥಿಯೊಡುಲ್ ಹಿಮನದಿ ಕರಗಿ ವಿಭಾಜಕ ಸರಿದದ್ದರಿಂದ, ಅಲ್ಲಿನ ಗಡಿಯನ್ನು ಹೊಸದಾಗಿ ಗುರುತಿಸಲು ಎರಡೂ ದೇಶಗಳು 2023ರಲ್ಲಿ ಒಪ್ಪಿಕೊಂಡವು. 2024ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್ ಸರ್ಕಾರ ಅನುಮೋದನೆ ನೀಡಿತು. ಇಲ್ಲಿಯೂ ‘ಜಲಾನಯನ ಸರಿಯಿತು’ ಎನ್ನಲಾಗದು. ಸರಿದದ್ದು ಗೆರೆ, ಜಲಾನಯನ ಒಂದು ಕಡೆ ಹಿಗ್ಗಿತು, ಇನ್ನೊಂದು ಕಡೆ ಕುಗ್ಗಿತು.