‘ಲಾಸ್ ಕ್ಯಾರಿ ಫಾರ್ವರ್ಡ್ ಮಾಡಿ ಸಾರ್’

2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಭಾರತ ವಿಶ್ವಕಪ್ ಫೈನಲ್ ಸೋತಿತು. ಅಲ್ಲಿಯವರೆಗೆ ಸತತ 10 ಪಂದ್ಯ ಗೆದ್ದಿದ್ದ ತಂಡ ಅದು. ಸೋತಿದ್ದೇ ತಡ, ವಾಟ್ಸಾಪಿನಲ್ಲಿ ತೀರ್ಪು ಬಂತು: ಓವರ್ ಕಾನ್ಫಿಡೆನ್ಸ್. ಗೆದ್ದಿದ್ದರೆ ಅದೇ ಆಟಕ್ಕೆ ‘ಏನ್ ಕಾನ್ಫಿಡೆನ್ಸ್ ಗುರೂ’ ಅಂತಿದ್ದೆವು, ಅಲ್ವಾ?

ನಾವು ಈ ಮಾತನ್ನು ಬಳಸೋದೇ ಹೀಗೆ, ಫಲಿತಾಂಶ ಬಂದ ಮೇಲೆ. ಪಿಯುಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದ ಹುಡುಗ, ಠೇವಣಿ ಕಳಕೊಂಡ ಅಭ್ಯರ್ಥಿ, ವರ್ಷದೊಳಗೆ ಹೋಟೆಲ್ ಮುಚ್ಚಿದ ಪರಿಚಯದವರು. ಅದೂ ಎದೆ ಉಬ್ಬಿಸಿಕೊಂಡು ಜೋರಾಗಿ ಮಾತಾಡುವವರಾದರೆ ಇನ್ನೂ ಸುಲಭ. ನಾನು ಆಡಿಟರ್. ನನ್ನ ಮೇಜಿನ ಮುಂದೆ ಕೂತು ಹೋಗುವ ಓವರ್ ಕಾನ್ಫಿಡೆನ್ಸ್ ತುಂಬಾ ಮೆತ್ತಗೆ ಮಾತಾಡುತ್ತದೆ.

ರಿಟರ್ನ್ ಸೀಸನ್‌ನಲ್ಲಿ ಈಗೀಗ ಎಫ್ ಅಂಡ್ ಒ ಮಾಡುವವರು ಜಾಸ್ತಿ. ಫ್ಯೂಚರ್ಸ್ ಅಂಡ್ ಆಪ್ಷನ್ಸ್, ಅಂದರೆ ಷೇರಿನ ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅನ್ನೋ ಅಂದಾಜಿನ ಮೇಲೆ ಮಾಡುವ ವಹಿವಾಟು. ಸಂಬಳದ ಕೆಲಸ ಇರುತ್ತದೆ, ಸಾಧು ಸ್ವಭಾವ. ‘ಜಾಸ್ತಿ ಏನಿಲ್ಲ ಸಾರ್, ಸುಮ್ನೆ ಸೈಡಲ್ಲಿ ಮಾಡ್ತೀನಿ. ಈ ವರ್ಷ ಸ್ವಲ್ಪ ಲಾಭದಲ್ಲೇ ಇದ್ದೀನಿ’ ಅಂತಾರೆ. ಸುಳ್ಳು ಹೇಳ್ತಿರಲ್ಲ. ಬ್ರೋಕರ್ ಕಳಿಸಿದ ಎಕ್ಸೆಲ್ ಶೀಟ್ ತೆರೆದರೆ ಮೇಲಿನ ಸಾಲಿನಲ್ಲಿ ಲಾಭ ಇದ್ದೇ ಇರುತ್ತದೆ, 18,000 ರೂಪಾಯಿ ಅಂತಿಟ್ಟುಕೊಳ್ಳಿ. ಹಾಗೇ ಕೆಳಗೆ ಬನ್ನಿ. ಬ್ರೋಕರೇಜ್, ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ), ಎಕ್ಸ್‌ಚೇಂಜ್ ಚಾರ್ಜು, ಜಿಎಸ್‌ಟಿ, ಸ್ಟ್ಯಾಂಪ್ ಡ್ಯೂಟಿ. ಎಲ್ಲ ಕೂಡಿದರೆ 41,000. ಅಲ್ಲಿಗೆ 23,000 ನಷ್ಟ. ದಿನಾ ಕಣ್ಣಿಗೆ ಬೀಳುವುದು ಮೇಲಿನ ಸಾಲು, ಕೆಳಗಿನದನ್ನು ಕೂಡಿ ನೋಡುವುದು ವರ್ಷಕ್ಕೊಮ್ಮೆ, ಅದೂ ನಾನು ಕೂಡಿ ತೋರಿಸಿದಾಗ.

ಇದು ಒಬ್ಬಿಬ್ಬರ ಕಥೆಯಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಹಿಂದಿನ 3 ಹಣಕಾಸು ವರ್ಷಗಳ ಲೆಕ್ಕ ಹೊರಗಿಟ್ಟಿತು. ಎಫ್ ಅಂಡ್ ಒ ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ 93 ಪರ್ಸೆಂಟ್ ಮಂದಿಗೆ ನಷ್ಟ, ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಬರೀ ಚಾರ್ಜುಗಳಿಗೇ ಹೋಗಿದ್ದು ಸುಮಾರು 50,000 ಕೋಟಿ. ಚಾರ್ಜು ಕಳೆದು 1 ಲಕ್ಷಕ್ಕಿಂತ ಜಾಸ್ತಿ ಉಳಿಸಿಕೊಂಡವರು 1 ಪರ್ಸೆಂಟ್ ಅಷ್ಟೇ. ಬೇಜಾರಾಗೋದು ಇಲ್ಲಿ: ಒಂದರ ಹಿಂದೊಂದು 2 ವರ್ಷ ಕಳಕೊಂಡವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಆಮೇಲೂ ಬಿಟ್ಟಿರಲಿಲ್ಲ.

ಇವರಿಗೆ ಯಾರೂ ಹೇಳಿರಲಿಲ್ಲವಾ? ಹೇಳಿದ್ದಾರೆ. 2023ರ ಜುಲೈನಿಂದ ಬ್ರೋಕರ್‌ಗಳು ಲಾಗಿನ್ ಆಗುವಾಗಲೇ ತೋರಿಸಬೇಕು, 10ರಲ್ಲಿ 9 ಮಂದಿಗೆ ಇಲ್ಲಿ ನಷ್ಟ ಅಂತ. ಓದಿದ್ದೀರಾ ಅಂದರೆ ‘ಓದಿದೀನಿ ಸಾರ್’ ಅಂತಾರೆ. ಓದಿ, ಒತ್ತಿ, ಒಳಗೆ ಹೋಗುತ್ತಾರೆ. ಪ್ರತಿಯೊಬ್ಬರೂ ಆ ಉಳಿದ ಒಬ್ಬ ತಾನೇ ಅಂದುಕೊಂಡರೆ ಎಚ್ಚರಿಕೆ ಏನು ಮಾಡೀತು? 1981ರಲ್ಲಿ ಓಲಾ ಸ್ವೆನ್ಸನ್ ಎಂಬ ಮನಶ್ಶಾಸ್ತ್ರಜ್ಞ ಗಾಡಿ ಓಡಿಸುವ ವಿದ್ಯಾರ್ಥಿಗಳನ್ನು ಕೇಳಿದಾಗ ಅಮೆರಿಕದವರಲ್ಲಿ 93 ಪರ್ಸೆಂಟ್ ಮಂದಿ ತಮ್ಮ ಡ್ರೈವಿಂಗ್ ಮಧ್ಯಮಕ್ಕಿಂತ ಮೇಲು ಅಂದರು. ಸ್ವೀಡನ್‌ನವರು ಸ್ವಲ್ಪ ವಾಸಿ, 69.

ಇದು ಉಳಿದವರಿಗಿಂತ ತಾನು ಮೇಲು ಅನ್ನುವ ಓವರ್ ಕಾನ್ಫಿಡೆನ್ಸ್. ಇನ್ನೊಂದು ಬಗೆ ಇದೆ, ನನ್ನ ಪ್ರಕಾರ ಅದೇ ಹೆಚ್ಚು ದುಬಾರಿ. ತಾನು ದೊಡ್ಡ ಜಾಣ ಅಂತ ಅಂದುಕೊಳ್ಳದವರಿಗೂ ಅದು ಇರುತ್ತದೆ. ತನ್ನ ಅಂದಾಜು ಎಷ್ಟು ತಪ್ಪಬಹುದು ಅನ್ನೋದನ್ನು ಕಡಿಮೆ ಲೆಕ್ಕ ಹಾಕೋದು. ಷೇರುಪೇಟೆ ಸೂಚ್ಯಂಕದ ಬಗ್ಗೆ ‘ನಿಫ್ಟಿ ಈ ವಾರ ಈ 200 ಪಾಯಿಂಟ್ ದಾಟಲ್ಲ’ ಅನ್ನುವವರ ದನಿಯಲ್ಲಿ ಜಂಬ ಇರಲ್ಲ. ಆ 200 ಎಲ್ಲಿಂದ ಬಂತು ಅಂದರೆ ಉತ್ತರವೂ ಇರಲ್ಲ. ಆಲ್ಪರ್ಟ್, ರೈಫಾ ಎಂಬಿಬ್ಬರು ಸಂಶೋಧಕರು ಜನರಿಗೆ ಹೀಗೆ ಹೇಳಿ ನೋಡಿದ್ದರು: ಗೊತ್ತಿಲ್ಲದ ಒಂದು ಸಂಖ್ಯೆಗೆ ಕನಿಷ್ಠ, ಗರಿಷ್ಠ ಎರಡೂ ಕೊಡಿ, ನಿಜವಾದ ಉತ್ತರ 98 ಪರ್ಸೆಂಟ್ ಸಲ ಅದರೊಳಗೇ ಬೀಳಬೇಕು. ಅಂದರೆ ನೂರಕ್ಕೆ 2 ತಪ್ಪಬಹುದು. ತಪ್ಪಿದ್ದು 40ಕ್ಕೂ ಜಾಸ್ತಿ. ಗರಿಷ್ಠವನ್ನು ಇನ್ನೂ ಮೇಲೆ ಬರೆಯೋಕೆ ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ, ನೋಡಿ. ಮನೆ ಕಟ್ಟಲು ಸಾಲ ಮಾಡುವವರಲ್ಲೂ ಇದೇ ಕಾಣುತ್ತೇನೆ, ಮೇಸ್ತ್ರಿ ಹೇಳಿದ ಒಂದೇ ಅಂಕಿ ಹಿಡಿದುಕೊಂಡು ಬಂದಿರುತ್ತಾರೆ. ಮನೆ ಕಟ್ಟಿ ನೋಡು ಅಂತ ಗಾದೆ ಮಾಡಿದವರು ಖಂಡಿತ ಒಂದು ಮನೆ ಕಟ್ಟಿದ್ದವರೇ.

ಅಂದಾಜಿನ ಮೇಲೆ ಇಷ್ಟು ಭರವಸೆ ಇದ್ದವರು ಸುಮ್ಮನೆ ಕೂರಲ್ಲ. ಅಮೆರಿಕದ ಬಾರ್ಬರ್ ಮತ್ತು ಓಡಿಯನ್ 1991ರಿಂದ 1996ರವರೆಗಿನ 66,465 ಕುಟುಂಬಗಳ ಷೇರು ಖಾತೆ ತೆಗೆದು ನೋಡಿದರು. ಮಾರುಕಟ್ಟೆ ವರ್ಷಕ್ಕೆ 17.9 ಪರ್ಸೆಂಟ್ ಕೊಟ್ಟ ಕಾಲದಲ್ಲಿ, ಎಲ್ಲರಿಗಿಂತ ಜಾಸ್ತಿ ಕೊಂಡು ಮಾರಿದವರಿಗೆ ಸಿಕ್ಕಿದ್ದು 11.4. ಅವರು ಮಾಡಿದ್ದು ಮಾಮೂಲಿ ಷೇರು, ಎಫ್ ಅಂಡ್ ಒ ಕೂಡ ಅಲ್ಲ.

ಹಾಗಾದರೆ ತನಗೆ ಇದು ಇದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ? ಸೋಲು ಗೆಲುವು ನೋಡಿ ಗೊತ್ತಾಗಲ್ಲ. ಆರ್ಡರ್ ಹಾಕುವ ಮೊದಲು ಒಂದು ಪುಸ್ತಕದಲ್ಲಿ ಬರೆದಿಡಿ ಅಂತ ಹೇಳುತ್ತೇನೆ: ಎಷ್ಟು ಇಳಿಯಬಹುದು, ಎಷ್ಟು ಏರಬಹುದು, ಇದು ಎಷ್ಟು ಪರ್ಸೆಂಟ್ ಗ್ಯಾರಂಟಿ. 80 ಅಂತ ಬರೆದದ್ದು 10ರಲ್ಲಿ 8 ಸಲ ಆದರೆ ನಿಮಗೆ ಆ ಕಾಯಿಲೆ ಇಲ್ಲ, ದುಡ್ಡು ಹೋಗಿದ್ದರೂ ಇಲ್ಲ. 5 ಸಲ ಮಾತ್ರ ಆಗಿದ್ದರೆ ಇದೆ, ದುಡ್ಡು ಬಂದಿದ್ದರೂ ಇದೆ. ಈ ಪುಸ್ತಕ ಇಡುವವರು ಕಡಿಮೆ. ಮನಸ್ಸಿನಲ್ಲೇ ಇಟ್ಟುಕೊಂಡರೆ ನಡೆಯಲ್ಲ, ಆಮೇಲೆ ಎಲ್ಲರಿಗೂ ‘ನಂಗೆ ಆಗಲೇ ಅನ್ಸಿತ್ತು’ ಅಂತಲೇ ನೆನಪಾಗೋದು.

ಇನ್ನು ನನ್ನ ಕಸುಬಿನ ಮಾತು. ಎಫ್ ಅಂಡ್ ಒ ನಷ್ಟವನ್ನು ಕಾನೂನು ವ್ಯಾಪಾರದ ನಷ್ಟ ಅಂತ ನೋಡುತ್ತದೆ. ಸಂಬಳದಲ್ಲಿ ಅದನ್ನು ಕಳೆಯೋಕೆ ಬರಲ್ಲ. ಕೊನೇ ದಿನಾಂಕದೊಳಗೆ ರಿಟರ್ನ್ ಹಾಕಿದರೆ 8 ವರ್ಷ ಮುಂದಕ್ಕೆ ಒಯ್ದು, ವ್ಯಾಪಾರದ ಲಾಭ ಬಂದಾಗ ಅದರಲ್ಲಿ ಕಳೆಯಬಹುದು. ಇದನ್ನು ಹೇಳುವಾಗ ಎದುರಿಗಿದ್ದವರ ಮುಖ ಅರಳೋದು ನೀವು ನೋಡಬೇಕು. ‘ಹಾಗಿದ್ರೆ ಮುಂದಿನ ವರ್ಷದ ಲಾಭಕ್ಕೆ ಟ್ಯಾಕ್ಸೇ ಇಲ್ಲ ಅಲ್ವಾ? ಕ್ಯಾರಿ ಫಾರ್ವರ್ಡ್ ಮಾಡಿಬಿಡಿ ಸಾರ್!’ ನಷ್ಟದ ಶೀಟ್ ಇನ್ನೂ ಮೇಜಿನ ಮೇಲೇ ಇರುತ್ತದೆ. ಮಾಡಿಕೊಡುತ್ತೇನೆ, ಅದು ಅವರ ಹಕ್ಕು. ಆದರೆ ವ್ಯಾಪಾರದ ಆದಾಯ ತೋರಿಸುವ ರಿಟರ್ನ್ ಫಾರ್ಮ್ ಐಟಿಆರ್-3 ಹಾಕಬೇಕು, ಗಡುವಿನೊಳಗೆ ಹಾಕಬೇಕು. ಲಾಭವೇ ಇಲ್ಲವಲ್ಲ, ತೋರಿಸೋದು ಯಾಕೆ ಅಂತ ಐಟಿಆರ್-1ರಲ್ಲಿ ಸಂಬಳ ಮಾತ್ರ ಹಾಕಿ ಕೈತೊಳೆದುಕೊಂಡವರಿಗೆ ಆ ಅನುಕೂಲವೂ ಸಿಗಲ್ಲ.