ಕಮಿಟ್ ಮೆಸೇಜಿಗೆ 50, 72ರ ಲೆಕ್ಕ ಎಲ್ಲಿಂದ ಬಂತು?

ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳ ಪ್ರಾಜೆಕ್ಟ್‌ಗಳನ್ನು ಆಗಾಗ ನೋಡುತ್ತೇನೆ. ಕೋಡ್ ಚೆನ್ನಾಗಿರುತ್ತದೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಫ್ಟ್‌ವೇರ್ ಗಿಟ್; ಅದರಲ್ಲಿ ಒಂದೊಂದು ದಾಖಲೆಯೂ ಒಂದು ಕಮಿಟ್, ಅದರ ಜೊತೆ ಬರೆಯುವ ಟಿಪ್ಪಣಿಯೇ ಕಮಿಟ್ ಮೆಸೇಜ್. ಆ ದಾಖಲೆಗಳ ಪಟ್ಟಿಯಾದ ಗಿಟ್ ಲಾಗ್ ತೆರೆದರೆ ಮಾತ್ರ ‘ಅಪ್‌ಡೇಟ್’, ‘ಫಿಕ್ಸ್’, ‘ಫೈನಲ್ 2’. ಯಾಕೆ ಬದಲಾಯಿಸಿದೆವು ಅನ್ನೋದು ಆರು ತಿಂಗಳಾದರೆ ಬರೆದವರಿಗೇ ಮರೆತಿರುತ್ತದೆ. ಇದು ಸೋಮಾರಿತನ ಅಲ್ಲ, ಮೆಸೇಜ್ ಬರೆಯಲು ತೆರೆದುಕೊಳ್ಳುವ ಎಡಿಟರ್ ಬಗೆಗಿನ ಭಯ ಅಂತ ನನಗನಿಸುತ್ತದೆ.

ಯಾವ ಎಡಿಟರ್ ಬೇಕು ಅಂತ ಹೇಳದಿದ್ದರೆ ಗಿಟ್ ಸಾಮಾನ್ಯವಾಗಿ ‘ವಿಐ’ ತೆರೆಯುತ್ತದೆ. ಬಿಲ್ ಜಾಯ್ 1976ರಲ್ಲಿ ಯುನಿಕ್ಸ್‌ಗಾಗಿ ಬರೆದದ್ದು. ಹೊಸಬರಿಗೆ ಅದರಿಂದ ಹೊರಗೆ ಬರೋದೇ ಗೊತ್ತಾಗುವುದಿಲ್ಲ. ಆಗ ಸೀನಿಯರ್ ಯಾರೋ ‘ಸುಮ್ನೆ -ಎಂ ಹಾಕು’ ಅಂತಾರೆ. ಎಡಿಟರ್ ತೆರೆಯದೆ ಕಮಾಂಡಿನಲ್ಲೇ ಮೆಸೇಜ್ ಕೊಡೋ ದಾರಿ ಅದು. ಒಂದೇ ಪದದ ಮೆಸೇಜ್ ಅಲ್ಲಿಂದ ಶುರು.

ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದು ಲಿನಕ್ಸ್ ಕರ್ನಲ್ ಕೆಲಸಕ್ಕೆ. ಅಲ್ಲಿ ಕೋಡ್ ಬದಲಾವಣೆಗಳು, ಅಂದರೆ ಪ್ಯಾಚ್‌ಗಳು ಇಮೇಲ್‌ನಲ್ಲಿ ಹೋಗುತ್ತವೆ. ಮೆಸೇಜಿನ ಮೊದಲ ಸಾಲೇ ಇಮೇಲ್‌ನ ಸಬ್ಜೆಕ್ಟ್. ಆಮೇಲೆ ಒಂದು ಖಾಲಿ ಸಾಲು, ನಂತರ ವಿವರ. ಖಾಲಿ ಸಾಲು ಬಿಡದಿದ್ದರೆ ವಿವರವೂ ಸಬ್ಜೆಕ್ಟಿಗೇ ಅಂಟಿಕೊಳ್ಳುತ್ತದೆ.

ಇನ್ನು 72ರ ಲೆಕ್ಕ. ಕಮಾಂಡ್ ಟೈಪ್ ಮಾಡುವ ಹಳೇ ಟರ್ಮಿನಲ್‌ಗಳ ಅಗಲ 80 ಅಕ್ಷರ. ಅದಕ್ಕೂ ಮೊದಲು, 1928ರ ಐಬಿಎಂ ಪಂಚ್ ಕಾರ್ಡ್‌ನಲ್ಲೂ 80 ಕಾಲಂ ಇದ್ದವು. ಗಿಟ್ ಲಾಗ್ ಎಡಕ್ಕೆ 4 ಅಕ್ಷರದ ಜಾಗ ಬಿಡುತ್ತದೆ. ಬಲಕ್ಕೂ ಅಷ್ಟೇ ಬಿಟ್ಟರೆ ಉಳಿಯೋದು 72. ಮೊದಲ ಸಾಲಿಗೆ 50 ಅಕ್ಷರ, ಉಳಿದ ಸಾಲುಗಳಿಗೆ 72 ಅಂತ ಪ್ರೋಗ್ರಾಮರ್ ಟಿಮ್ ಪೋಪ್ 2008ರಲ್ಲಿ ಬಿಡಿಸಿ ಬರೆದರು. ಆಮೇಲೆ ಅದೇ ರೂಢಿಯಾಯಿತು. 50 ದಾಟಿದರೆ ಗಿಟ್ ತಡೆಯುವುದಿಲ್ಲ, ಚಿಕ್ಕದಾಗಿ ಹೇಳಲು ಅದೊಂದು ಒತ್ತಾಯ ಅಷ್ಟೇ.

ಇದನ್ನೆಲ್ಲ ನೆನಪಿಟ್ಟುಕೊಳ್ಳೋದು ಎಡಿಟರ್‌ನ ಕೆಲಸ. ವಿಐನ ಸುಧಾರಿತ ರೂಪವಾದ ವಿಮ್‌ನಲ್ಲಿ ಸಿಂಟ್ಯಾಕ್ಸ್ (ಬಣ್ಣದಲ್ಲಿ ತೋರಿಸೋದು), ಫೈಲ್‌ಟೈಪ್ ಪ್ಲಗಿನ್ (ಫೈಲಿಗೆ ತಕ್ಕ ಸೆಟ್ಟಿಂಗ್) ಎರಡೂ ಆನ್ ಇರಲಿ. ಮೊದಲ ಸಾಲು 50 ದಾಟಿದರೆ ಬಣ್ಣ ಬದಲಾಗುತ್ತದೆ. ಎರಡನೇ ಸಾಲಿನಲ್ಲಿ ಬರೆದರೆ ತಪ್ಪು ಅಂತ ತೋರಿಸುತ್ತದೆ. 72ಕ್ಕೆ ತಾನೇ ಸಾಲು ಮುರಿಯುತ್ತದೆ. ವಿಮ್ ಬೇಡವಾದರೆ ಗಿಟ್‌ನ ‘ಕೋರ್.ಎಡಿಟರ್’ ಸೆಟ್ಟಿಂಗ್‌ನಲ್ಲಿ ನ್ಯಾನೋ ಅನ್ನೋ ಇನ್ನೊಂದು ಎಡಿಟರ್ ಹೆಸರು ಕೊಡಿ. ವಿಎಸ್ ಕೋಡ್ ಎಡಿಟರ್ ಆದರೆ ‘ಕೋಡ್ --ವೇಟ್’ ಅಂತಲೇ ಕೊಡಬೇಕು. ವೇಟ್ ಇಲ್ಲದಿದ್ದರೆ ನೀವು ಬರೆಯೋ ಮೊದಲೇ ಬರೆದಾಯ್ತು ಅಂದುಕೊಂಡು, ಮೆಸೇಜ್ ಖಾಲಿ ಇದೆ ಅಂತ ಗಿಟ್ ಕಮಿಟ್ಟನ್ನೇ ಕೈಬಿಡುತ್ತದೆ.

ನನಗೆ ತುಂಬಾ ಇಷ್ಟವಾದ ಗಿಟ್ ಸೆಟ್ಟಿಂಗ್ ‘ಕಮಿಟ್.ವರ್ಬೋಸ್’. ಅದನ್ನು ಆನ್ ಮಾಡಿದರೆ ಬದಲಾದ ಕೋಡೆಲ್ಲ ಮೆಸೇಜಿನ ಕೆಳಗೇ ಕಾಣುತ್ತದೆ. ಕೋಡ್ ಕಣ್ಣೆದುರಿಗೇ ಇದ್ದಾಗ ‘ಅಪ್‌ಡೇಟ್’ ಅಂತ ಬರೆಯಲು ಮನಸ್ಸು ಬರುವುದಿಲ್ಲ, ಅಲ್ವಾ? ಮೆಸೇಜ್ ಕನ್ನಡದಲ್ಲಿದ್ದರೂ ಆಗುತ್ತದೆ. ಗಿಟ್ ಮೆಸೇಜ್‌ಗಳನ್ನು ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಭಾಷೆಯ ಅಕ್ಷರ ಉಳಿಸುವ ಕ್ರಮ) ಎಂದೇ ಇಟ್ಟುಕೊಳ್ಳುತ್ತದೆ, ಅದಕ್ಕೆ ಬೇರೆ ಸೆಟ್ಟಿಂಗ್ ಬೇಕಿಲ್ಲ.